‘4 ಜಿಬಿ ಕಾರ್ಡ್’, ‘ರೆಂಡರ್’, ‘ಸಿಪಿಯು’: ಹಳೆ ಎಡಿಟಿಂಗ್ ಸಿಸ್ಟಮ್ ಬಗ್ಗೆ ಬರೆಯೋಕೆ ಪದ ಬೇಕು

ನಮಸ್ಕಾರ ಎಲ್ರಿಗೂ,

ತಿಪಟೂರು ಕಡೆ ಮದುವೆ, ಗೃಹಪ್ರವೇಶದ ವಿಡಿಯೋ ಮಾಡೋ ನಮ್ಮ ಪರಿಚಯದ ಸ್ಟುಡಿಯೋದವರಿಗೆ ಅಂತ ಒಂದು ಟಿಪ್ಪಣಿ ಬರೀತಿದೀನಿ. ಹಳೆ ಎಡಿಟಿಂಗ್ ಸಿಸ್ಟಮ್‌ನಲ್ಲಿ ಗ್ರಾಫಿಕ್ಸ್ ಕಾರ್ಡ್ ಹೋದ್ರೆ ಕಡಿಮೆ ದುಡ್ಡಲ್ಲಿ ಅದರ ಜಾಗಕ್ಕೆ ಯಾವುದು ಹಾಕಿಸ್ಬೇಕು ಅನ್ನೋದೇ ವಿಷಯ. ಅವರಲ್ಲಿ ಒಬ್ಬರದು ಇಂಟೆಲ್ ನಾಲ್ಕನೇ ಜನರೇಶನ್ ಐ5, 16 ಜಿಬಿ ರ‍್ಯಾಮ್, ಹಳೆ ಕಾರ್ಡ್ ಸ್ಕ್ರೀನ್ ತುಂಬ ಗೆರೆ ಗೆರೆ ತೋರಿಸಿ ನಿಂತೋಯ್ತು, ಸೀಸನ್ ಬೇರೆ ಹತ್ರ ಬಂದಿದೆ, ಇಡೀ ಸಿಸ್ಟಮ್ ಬದಲಾಯಿಸೋ ಅಷ್ಟು ದುಡ್ಡಿಲ್ಲ. ವಿಷಯ ನನಗೆ ಗೊತ್ತಿದೆ, ಕಷ್ಟ ಆಗ್ತಿರೋದು ಕನ್ನಡದಲ್ಲಿ. ಅಂಗಡಿಯಲ್ಲಿ ಓಡಾಡೋ ಪದಗಳು ಗಿರಾಕಿ ಏನು ತಗೋತಿದಾನೆ ಅನ್ನೋದನ್ನೇ ಮುಚ್ಚಿಬಿಡ್ತವೆ, ಪುಸ್ತಕದ ಪದ ಹಾಕಿದ್ರೆ ಓದೋರೇ ಇಲ್ಲ.

ಮೊದಲನೇದು ‘ಜಿಬಿ’. ನಮ್ಮಲ್ಲಿ ಕಾರ್ಡ್‌ಗೆ ಹೆಸರೇ ಜಿಬಿ. ‘2 ಜಿಬಿ ಕಾರ್ಡ್ ಇತ್ತು, ಈಗ 4 ಜಿಬಿ ಕೊಡಿ’ ಅಂತ ಕೇಳ್ತಾರೆ, ಅಂಗಡಿಯವರೂ ‘4 ಜಿಬಿ ಇದೆ ಸರ್, ಒಳ್ಳೇದು’ ಅಂತ ಕೊಡ್ತಾರೆ. ಆದ್ರೆ ಜಿಟಿ 730 ಅನ್ನೋ 2014ರ ಕಾರ್ಡ್ 4 ಜಿಬಿಯಲ್ಲೂ ಬಂದಿದೆ, ಜಿಟಿಎಕ್ಸ್ 1050 ಟಿಐ ಕೂಡ 4 ಜಿಬಿನೇ. 730ರ ಡಿಡಿಆರ್3, 64 ಬಿಟ್ ಮಾದರಿಯಲ್ಲಿ (ನಿಧಾನದ ಮೆಮೊರಿ, ಕಿರಿದಾದ ದಾರಿ) ಮೆಮೊರಿಯಿಂದ ಸೆಕೆಂಡಿಗೆ ಸಾಗೋದು 14 ಜಿಬಿ ಚಿಲ್ಲರೆ, 1050 ಟಿಐನಲ್ಲಿ 112 ಜಿಬಿ. ಅಂದ್ರೆ ಗೋಡೌನ್ ಒಂದೇ ಅಳತೆ, ಬಾಗಿಲು ಮಾತ್ರ ಎಂಟು ಪಾಲು ವ್ಯತ್ಯಾಸ. ಇಲ್ಲಿ ‘ಮೆಮೊರಿ’ ಅನ್ನೋ ಪದಾನೂ ಕೈ ಕೊಡುತ್ತೆ, ಯಾಕಂದ್ರೆ ಫೋನ್ ಬಂದ ಮೇಲೆ ಮೆಮೊರಿ ಅಂದ್ರೆ ಫೋಟೋ ತುಂಬಿಸೋ ಜಾಗ, ಹಾಗಾಗಿ ಕಾರ್ಡ್‌ನಲ್ಲಿ 4 ಜಿಬಿ ಇದೆ ಅಂದ್ರೆ ಅಲ್ಲೂ ಏನೋ ಸೇವ್ ಆಗುತ್ತೆ ಅಂದ್ಕೊಂಡೋರು ಇದಾರೆ. ‘ಕಾರ್ಡಿನ ರ‍್ಯಾಮ್’ ಅಂತ ಬರೆದು ನೋಡಿದೆ, ತಕ್ಷಣ ಅರ್ಥ ಆಯ್ತು ಅಂದ್ರು. ಇದಕ್ಕಿಂತ ಚೆನ್ನಾಗಿರೋದು ಯಾರಿಗಾದ್ರೂ ಹೊಳೆಯುತ್ತಾ? ‘ಸೆಕೆಂಡಿಗೆ ಎಷ್ಟು ಸಾಗುತ್ತೆ’ ಅನ್ನೋದಕ್ಕೆ ‘ಸಾಗುವಳಿ’ ಅನ್ನೋಣ ಅಂದ್ರೆ ಅದು ಹೊಲಕ್ಕೆ ಹೋಗುತ್ತೆ. ‘ಹರಿವು’ ಸಾಕು ಅನ್ಸುತ್ತೆ ನನಗೆ.

ಎರಡನೇದು ‘ರೆಂಡರ್’, ನಿಜವಾದ ತಲೆನೋವು ಇದೇ. ನಮ್ಮ ಕಡೆ ಎಡಿಟಿಂಗ್‌ಗೆ ಹಳಬರು ಇವತ್ತಿಗೂ ‘ಮಿಕ್ಸಿಂಗ್’ ಅಂತಾರೆ, ಅದರಿಂದ ಏನೂ ತೊಂದರೆ ಇಲ್ಲ, ಎಲ್ರಿಗೂ ಒಂದೇ ಅರ್ಥ. ‘ರೆಂಡರ್’ ಹಾಗಲ್ಲ. ಟೈಮ್‌ಲೈನ್ (ಕ್ಲಿಪ್ ಸಾಲಾಗಿ ಜೋಡಿಸೋ ಪಟ್ಟಿ) ಸಿಕ್ಕಾಕೊಂಡು ಓಡಿದ್ರೂ ‘ರೆಂಡರ್ ಪ್ರಾಬ್ಲಮ್’, ಕಲರ್ ಹಾಕಿದ ಮೇಲೆ ಪ್ಲೇ ಆಗದಿದ್ರೂ ‘ರೆಂಡರ್’, ಕೊನೇಲಿ ಫೈಲ್ ತೆಗೆಯೋದಕ್ಕೂ ‘ರೆಂಡರ್‌ಗೆ ಇಟ್ಟಿದೀನಿ’. ಆದ್ರೆ ಇವು ಮೂರು ಬೇರೆ ಬೇರೆ ಕೆಲಸ, ಕಾರ್ಡ್‌ನಲ್ಲಿ ಮೂರಕ್ಕೂ ಬೇರೆ ಬೇರೆ ಭಾಗ ಇದೆ. ಕ್ಯಾಮೆರಾ ಫೈಲ್ ಅಡಕವಾಗಿ ಬಂದಿರುತ್ತೆ, ಅಡಕ ಮಾಡೋ ವಿಧಾನ ಎಚ್.264 ಆಗಲಿ ಎಚ್‌ಇವಿಸಿ ಆಗಲಿ, ಪ್ಲೇ ಮಾಡೋವಾಗ ಅದನ್ನ ಬಿಡಿಸ್ಬೇಕು, ಇದು ಡಿಕೋಡ್. ಬಣ್ಣ, ಬ್ಲರ್, ಟ್ರಾನ್ಸಿಶನ್ ಲೆಕ್ಕ ಮಾಡೋದು ಇನ್ನೊಂದು. ಆಮೇಲೆ ಪೂರ್ತಿ ಸಿನಿಮಾನ ಮತ್ತೆ ಅಡಕ ಮಾಡಿ ಪೆನ್‌ಡ್ರೈವ್‌ಗೆ ಕೊಡೋದು ಎನ್‌ಕೋಡ್.

ಇದು ಬಿಡಿಸಿ ಹೇಳದಿದ್ರೆ ತಪ್ಪು ಕಾರ್ಡ್ ತರ್ತಾರೆ. ಎಎಂಡಿಯವರ ಆರ್‌ಎಕ್ಸ್ 6400 ನೋಡಿ, 2022ರದ್ದು, ಬರೀ 53 ವ್ಯಾಟ್, ಸ್ಪೆಕ್ ನೋಡಿದ್ರೆ ಹಳೆ ಸಿಸ್ಟಮ್‌ಗೆ ಹೇಳಿ ಮಾಡಿಸಿದ ಹಾಗಿದೆ, ಆದ್ರೆ ಅದರಲ್ಲಿ ಎನ್‌ಕೋಡರೇ ಇಲ್ಲ. ಎನ್ವಿಡಿಯಾ ಜಿಟಿ 1030ರಲ್ಲೂ ಇಲ್ಲ. 6400ಕ್ಕೆ ಇನ್ನೊಂದು ಕೊರತೆ, ಅದು ಮದರ್‌ಬೋರ್ಡ್ ಜೊತೆ ನಾಲ್ಕೇ ಲೇನ್‌ನಲ್ಲಿ (ಡೇಟಾ ಓಡಾಡೋ ದಾರಿ) ಮಾತಾಡುತ್ತೆ, ಪಿಸಿಐಇ (ಕಾರ್ಡ್ ಸಿಕ್ಕಿಸೋ ಸ್ಲಾಟ್ ಮಾದರಿ) 4.0 ಬೋರ್ಡ್‌ನಲ್ಲಿ ಅದು ನಡೆಯುತ್ತೆ, ನಾಲ್ಕನೇ ಜನರೇಶನ್ನಿನ ಎಚ್81 ಬೋರ್ಡ್ ಇರೋದೇ 2.0ದಲ್ಲಿ, ಅಲ್ಲಿ ದಾರಿ ಕಾಲು ಭಾಗ ಆಗೋಗುತ್ತೆ.

ಡಿಕೋಡ್ ಕಡೆಗೆ ಬಂದ್ರೆ, ಮದುವೇಲಿ ಈಗ ಅರ್ಧ ಫುಟೇಜ್ ಐಫೋನ್‌ದು, ಅದು ಎಚ್‌ಇವಿಸಿ, ನಾಲ್ಕನೇ ಜನರೇಶನ್ ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್‌ಗೆ ಅದನ್ನ ಸಲೀಸಾಗಿ ಬಿಡಿಸೋಕೆ ಬರಲ್ಲ, ಎಲ್ಲಾ ಭಾರ ಪ್ರೊಸೆಸರ್ ಮೇಲೆ ಬಿದ್ದು ಒದ್ದಾಡುತ್ತೆ. 1050 ಟಿಐ, ಜಿಟಿಎಕ್ಸ್ 1650 ಹಾಕಿದ್ರೆ ಅದೇ ಫೈಲ್ ಆರಾಮಾಗಿ ಓಡುತ್ತೆ, ಎಡಿಟಿಂಗ್ ಸಾಫ್ಟ್‌ವೇರ್ ಕಾರ್ಡ್‌ನ ಬಳಸ್ಕೋಬೇಕು ಅಷ್ಟೇ. ಆದ್ರೆ ಹೊಸ ಮಿರರ್‌ಲೆಸ್ ಕ್ಯಾಮೆರಾದಲ್ಲಿ 4:2:2 10 ಬಿಟ್ (ಬಣ್ಣದ ವಿವರ ಜಾಸ್ತಿ ಇಡೋ ವಿಧಾನ) ಹಾಕಿ ಶೂಟ್ ಮಾಡಿದ್ರೆ ಈ ಕಾರ್ಡ್ ಯಾವುದೂ ಬಿಡಿಸಲ್ಲ, ಎನ್ವಿಡಿಯಾದಲ್ಲಿ ಅದು ಬಂದಿದ್ದೇ 2025ರ 50 ಸೀರೀಸ್‌ನಲ್ಲಿ. ಅಂಥೋರು ಪ್ರಾಕ್ಸಿ (ಎಡಿಟ್ ಮಾಡೋಕೆ ಅಂತ ತೆಗೆಯೋ ಹಗುರವಾದ ನಕಲು ಫೈಲ್) ಮಾಡ್ಕೊಂಡೇ ಎಡಿಟ್ ಮಾಡ್ಬೇಕು.

ಹಾಗಾಗಿ ನನ್ನ ಪ್ರಸ್ತಾಪ ಇದು, ದಯವಿಟ್ಟು ಒರೆಗೆ ಹಚ್ಚಿ ನೋಡಿ. ಡಿಕೋಡ್‌ಗೆ ‘ಬಿಡಿಸೋದು’, ಎನ್‌ಕೋಡ್‌ಗೆ ‘ಅಡಕ ಮಾಡೋದು’, ‘ರೆಂಡರ್’ ಅನ್ನೋದನ್ನ ಎಫೆಕ್ಟ್ ಲೆಕ್ಕಕ್ಕೆ ಮಾತ್ರ ಉಳಿಸ್ಕೊಳ್ಳೋದು. ಸಿಡಿಗೆ ‘ಅಡಕಮುದ್ರಿಕೆ’ ಅಂತ ಬಳಸಿದ್ದಾರೆ, ಪದ ಹೊಸದೇನಲ್ಲ. ಡಿಕೋಡ್‌ಗೆ ‘ವಿಸಂಕೇತನ’ ಅಂತ ನಾನು ಬರೆಯಲ್ಲ, ಸ್ಟುಡಿಯೋದಲ್ಲಿ ಕೂತು ಅದನ್ನ ಬಾಯಲ್ಲಿ ಹೇಳೋಕಾಗಲ್ಲ. ಒಂದು ಅನುಮಾನ ಇರೋದು: ‘ಬಿಡಿಸೋದು’ ಅಂದ್ರೆ ಚಿತ್ರ ಬಿಡಿಸೋದು ಅನ್ನೋ ಅರ್ಥಾನೂ ಬರುತ್ತಲ್ಲ, ಗ್ರಾಫಿಕ್ಸ್ ವಿಷಯದಲ್ಲಿ ಆ ಗೊಂದಲ ಆಗುತ್ತಾ? ‘ಬಿಚ್ಚೋದು’ ಅಂದ್ರೆ ಸ್ಕ್ರೂ ಬಿಚ್ಚೋ ಹಾಗೆ ಕೇಳ್ಸುತ್ತೆ.

ಮೂರನೇದು ‘ಸಿಪಿಯು’. ಮಾನಿಟರ್ ಪಕ್ಕ ಇರೋ ಡಬ್ಬನೇ ಸಿಪಿಯು ಅಂತ ಶಾಲೆ ಕಂಪ್ಯೂಟರ್ ಕ್ಲಾಸಿಂದ ಬಂದಿರೋ ರೂಢಿ, ಅದನ್ನ ತಿದ್ದೋಕೆ ಹೋಗೋದು ಬೇಡ. ಆದ್ರೆ ‘ಹಳೆ ಎಡಿಯಸ್‌ನಲ್ಲಿ ಜಾಸ್ತಿ ಕೆಲಸ ಸಿಪಿಯುದೇ, ಕಾರ್ಡ್‌ದು ಕಡಿಮೆ’ ಅಂತ (ಎಡಿಯಸ್ ಒಂದು ಎಡಿಟಿಂಗ್ ಸಾಫ್ಟ್‌ವೇರ್) ಬರೆದ್ರೆ ಏನು ಅರ್ಥ ಮಾಡ್ಕೋತಾರೆ? ಅದಕ್ಕೆ ಎಲ್ಲಾ ಕಡೆ ‘ಪ್ರೊಸೆಸರ್’ ಅಂತಾನೇ ಬರೆದಿದೀನಿ. ಇದು ಮುಖ್ಯವಾದ ಮಾತು, ಯಾಕಂದ್ರೆ ಹಳೆ ಎಡಿಯಸ್ ಬಳಸೋರು ದುಬಾರಿ ಕಾರ್ಡ್ ಹಾಕಿದ್ರೂ ಅಷ್ಟಾಗಿ ಲಾಭ ಇಲ್ಲ, ಅದು ಇಂಟೆಲ್ ಪ್ರೊಸೆಸರ್ ಒಳಗಿನ ಕ್ವಿಕ್ ಸಿಂಕ್ (ವಿಡಿಯೋ ಬಿಡಿಸೋ, ಅಡಕ ಮಾಡೋ ಭಾಗ) ಮೇಲೆ ನಿಂತಿರೋದು. ಅದರ ಮೇಲೆ ಎಷ್ಟೋ ಬೋರ್ಡ್‌ಗಳಲ್ಲಿ ಹೊಸ ಕಾರ್ಡ್ ಸಿಕ್ಕಿಸಿದ ಕೂಡ್ಲೇ ಒಳಗಿನ ಗ್ರಾಫಿಕ್ಸ್ ತಾನಾಗೇ ಆಫ್ ಆಗುತ್ತೆ, ಕ್ವಿಕ್ ಸಿಂಕ್ ಜೊತೆಗೇ ಹೋಗುತ್ತೆ, ‘ಕಾರ್ಡ್ ಹಾಕಿದ ಮೇಲೆ ಸ್ಲೋ ಆಯ್ತು’ ಅನ್ನೋ ದೂರಿಗೆ ಎಷ್ಟೋ ಸಲ ಇದೇ ಕಾರಣ. ಬಯಾಸ್‌ಗೆ (ಸಿಸ್ಟಮ್ ಆನ್ ಆಗೋವಾಗ ತೆಗೆಯೋ ಮದರ್‌ಬೋರ್ಡ್ ಸೆಟ್ಟಿಂಗ್) ಹೋಗಿ ಮಲ್ಟಿ ಮಾನಿಟರ್ ಅನ್ನೋ ಆಯ್ಕೆ ಆನ್ ಮಾಡಿದ್ರೆ ಎರಡೂ ಕೆಲಸ ಮಾಡ್ತವೆ.

ಪವರ್ ಸಪ್ಲೈಗೆ ‘ವಿದ್ಯುತ್ ಪೂರೈಕೆ’ ಅಂತ ಯಾರೂ ಸಲಹೆ ಕೊಡ್ಬೇಡಿ, ಅದು ಲೈನ್‌ಮನ್ ಸಂಬಂಧಪಟ್ಟ ಪದ, ಅಂಗಡಿ ಪದ ‘ಎಸ್‌ಎಂಪಿಎಸ್’ ಎಲ್ರಿಗೂ ಗೊತ್ತು. ಸ್ಲಾಟ್‌ನಿಂದಾನೇ ಕಾರ್ಡ್‌ಗೆ 75 ವ್ಯಾಟ್‌ವರೆಗೂ ಸಿಗುತ್ತೆ, 1050 ಟಿಐ, 1650 ಎರಡೂ ಆ ಲೆಕ್ಕದಲ್ಲೇ ಮುಗಿಯುತ್ತೆ (ಕೆಲವು ಕಂಪನಿ ಮಾದರಿಗಳು ಎಸ್‌ಎಂಪಿಎಸ್‌ನಿಂದ ಬೇರೆ 6 ಪಿನ್ ವೈರ್ ಕೇಳ್ತವೆ, ಕೊಳ್ಳೋ ಮುಂಚೆ ನೋಡ್ಕೋಬೇಕು). 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ ಮಾದರಿ 70 ವ್ಯಾಟ್. ಸ್ವಲ್ಪ ದುಡ್ಡು ಹೊಂದಿಸೋಕಾದ್ರೆ ನಾನು ಹೇಳೋದು ಅದನ್ನೇ, ಡಾವಿಂಚಿ ರಿಸಾಲ್ವ್ ಸಾಫ್ಟ್‌ವೇರ್‌ನಲ್ಲಿ 4ಕೆ ಮಾಡೋರಿಗೆ 4 ಜಿಬಿ ಬೇಗ ತುಂಬೋಗುತ್ತೆ. ಇಂಟೆಲ್ ಆರ್ಕ್ ಎ380 ಆಸೆ ಹುಟ್ಟಿಸುತ್ತೆ, ಆದ್ರೆ ಅದಕ್ಕೆ ರಿಸೈಸಬಲ್ ಬಾರ್ (ಕಾರ್ಡಿನ ಪೂರ್ತಿ ಮೆಮೊರಿನ ಪ್ರೊಸೆಸರ್ ಒಟ್ಟಿಗೆ ಮುಟ್ಟೋ ಸೌಲಭ್ಯ) ಬೇಕು, ಇಷ್ಟು ಹಳೆ ಬೋರ್ಡ್‌ನಲ್ಲಿ ಅದು ಇರಲ್ಲ.

ಕೊನೇದು ಸೆಕೆಂಡ್ ಹ್ಯಾಂಡ್ ಮಾಲು. ಬೆಂಗಳೂರಿನ ಎಸ್‌ಪಿ ರೋಡ್‌ಗೆ ಹೋದ್ರೆ ‘ಯೂಸ್ಡ್’, ‘ರಿಫರ್ಬಿಷ್ಡ್’, ‘ಪುಲ್ಡ್’ (ಬೇರೆ ಸಿಸ್ಟಮ್‌ನಿಂದ ಕಿತ್ತಿದ್ದು) ಅಂತೆಲ್ಲ ಹೇಳ್ತಾರೆ, ಕೇಳೋರಿಗೆ ಮೂರೂ ‘ಹಳೇದು’ ಅಷ್ಟೇ. ರಿಪೇರಿ ಮಾಡಿದ್ದಾ, ಬರೀ ಒರೆಸಿಟ್ಟಿದ್ದಾ ಅನ್ನೋದು ಗೊತ್ತಾಗೋ ಹಾಗೆ ಎರಡು ಪದ ಬೇಕು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡ್ ದುಡಿಸಿ ಕ್ರಿಪ್ಟೋ ನಾಣ್ಯ ಗಳಿಸೋದು) ನಿಂತ ಮೇಲೆ ಹಗಲೂ ರಾತ್ರಿ ದುಡಿದಿದ್ದ ಕಾರ್ಡ್‌ಗಳು ಮಾರ್ಕೆಟ್‌ಗೆ ಬಂದ್ವು, ಅಂಥದ್ದಕ್ಕೆ ‘ಗಣಿ ಕಾರ್ಡ್’ ಅಂದ್ರೆ ಯಾರಿಗೂ ತಿಳಿಯಲ್ಲ, ‘ಮೈನಿಂಗ್‌ಗೆ ದುಡಿದ ಕಾರ್ಡ್’ ಅಂತ ಉದ್ದವಾಗೇ ಬರೆದಿದೀನಿ. ಇದಲ್ಲದೆ ಹಳೆ ಚಿಪ್‌ಗೆ ಹೊಸ ಹೆಸರು ತುಂಬಿಸಿ 1050 ಟಿಐ ಅಂತ ಮಾರೋ ನಕಲಿನೂ ಇದಾವೆ, ಜಿಪಿಯು-ಝಡ್ ಅನ್ನೋ ಸಣ್ಣ ಸಾಫ್ಟ್‌ವೇರ್ ಅಂಗಡಿಯಲ್ಲೇ ಓಡಿಸಿದ್ರೆ ಅಂಥ ಎಷ್ಟೋ ಕಾರ್ಡ್‌ನ ಹೆಸರಿನ ಮುಂದೆನೇ ‘ಫೇಕ್’ ಅಂತ ತೋರಿಸಿಬಿಡುತ್ತೆ.

ಟಿಪ್ಪಣಿಯ ಒಂದು ಸಾಲು ಹಾಕ್ತೀನಿ, ತಾಂತ್ರಿಕ ಗೊತ್ತಿಲ್ಲದೋರು ಓದಿ ಹೇಳಿ: ‘ಜಿಬಿ ಕೇಳೋ ಮುಂಚೆ ಕಾರ್ಡಿನ ಮಾದರಿ ಹೆಸರು ಕೇಳಿ, ನಿಮ್ಮ ಕ್ಯಾಮೆರಾ ಫೈಲ್ ಅದು ಬಿಡಿಸುತ್ತಾ, ಕೊನೇಲಿ ಅಡಕ ಮಾಡುತ್ತಾ, ನಿಮ್ಮ ಎಸ್‌ಎಂಪಿಎಸ್ ಅದನ್ನ ತಡ್ಕೊಳ್ಳುತ್ತಾ ಅಂತ ಕೇಳಿ.’ ಹುಬ್ಬಳ್ಳಿ, ಕಲಬುರಗಿ, ಮಂಗಳೂರು ಕಡೆ ಸ್ಟುಡಿಯೋದವರು ಫೈಲ್ ತೆಗೆಯೋದಕ್ಕೆ ‘ರೆಂಡರ್’ ಬಿಟ್ಟು ಬೇರೆ ಏನಾದ್ರೂ ಅಂತಾರಾ? ಅದು ಗೊತ್ತಾದ್ರೆ ಈ ವಾರ ಪ್ರಿಂಟ್‌ಗೆ ಕೊಡೋಕೆ ಮುಂಚೆ ಸೇರಿಸ್ಕೋತೀನಿ.