ಹಸನು: ಕಾಳಿಗೆ ಸಲ್ಲುವ ಮಾತು ಸ್ಕೂಟರಿಗೂ ಸಲ್ಲುತ್ತದೆಯೇ?

ಧಾರವಾಡದಿಂದ ನಮಸ್ಕಾರ. ಕೇಳಬೇಕಾದದ್ದು ಒಂದೇ ಪದ. ಆದರೆ ಅದು ನನ್ನ ಕೈಗೆ ಸಿಕ್ಕ ದಾರಿಯನ್ನು ಹೇಳದಿದ್ದರೆ ಪ್ರಶ್ನೆಗೆ ಹುರುಳಿರುವುದಿಲ್ಲ. ಬರಹ ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ.

ನಮ್ಮ ತಂದೆ ಭೂಮಾಪನ ಇಲಾಖೆಯಲ್ಲಿದ್ದರು. 1974ರಲ್ಲಿ ಅವರ ಪಾಳಿ ಬಂದು ಮನೆಗೆ ಬಜಾಜ್ ಚೇತಕ್ ಬಂದಿತು. ಪಾಳಿ ಎಂದರೆ ನಮ್ಮ ಕಡೆ ಸರದಿ. ಆಗ ಸ್ಕೂಟರಿಗೆ ಮುಂಗಡ ಕಟ್ಟಿದವರು ವರ್ಷಗಟ್ಟಲೆ ಕಾಯಬೇಕಾಗಿತ್ತು, ಆದ್ದರಿಂದ ‘ಸ್ಕೂಟರ್ ಕೊಂಡರು’ ಎಂದು ಯಾರೂ ಹೇಳುತ್ತಿರಲಿಲ್ಲ, ‘ಪಾಳಿ ಬಂತು’ ಎನ್ನುತ್ತಿದ್ದರು. ಇಪ್ಪತ್ತೈದು ವರ್ಷ ಓಡಿಸಿ ಅದನ್ನು ಮಾರಿದರು. ಯಾರಿಗೆ ಮಾರಿದರೆಂಬುದು ಅವರ ಜೊತೆಗೇ ಹೋಯಿತು ಎಂದುಕೊಂಡಿದ್ದೆವು.

ಕಳೆದ ವರ್ಷ ಟ್ರಂಕು ತೆಗೆದಾಗ ಅವರ ಡೈರಿಯಲ್ಲಿ ಒಂದು ಸಾಲು ಸಿಕ್ಕಿತು: ‘ಲಕ್ಷ್ಮೇಶ್ವರದವರಿಗೆ ಕೊಟ್ಟಾಯಿತು. ಉತಾರ ನನ್ನಲ್ಲಿಯೇ ಉಳಿದಿದೆ.’ ಉತಾರ ಎಂದರೆ ನಮ್ಮ ಭಾಗದಲ್ಲಿ ಹೊಲದ ಪಹಣಿ. ದಕ್ಷಿಣದ ಗೆಳೆಯರಿಗೆ ಇದು ಹೊಸದಿರಬಹುದು, ಇಲ್ಲಿ ಮಾತ್ರ ಉತಾರವಿಲ್ಲದೆ ಸಾಲವೂ ಹುಟ್ಟುವುದಿಲ್ಲ. ತಂದೆ ನಮಗೆ ತಿಳಿಸದೆ ಲಕ್ಷ್ಮೇಶ್ವರದಲ್ಲಿ ಹೊಲ ಮಾಡಿದ್ದರೆಂದು ತಮ್ಮ ತೀರ್ಮಾನಿಸಿದ. ಎರಡು ದಿನ ನಮ್ಮ ಮನೆಯಲ್ಲಿ ಇಲ್ಲದ ಹೊಲದ ಪಾಲುಪಟ್ಟಿ ನಡೆಯಿತು. ಮೂರನೆಯ ದಿನ ಟ್ರಂಕಿನ ತಳದಲ್ಲಿ ದಾರ ಕಟ್ಟಿದ ಲಕೋಟೆ ಸಿಕ್ಕಿತು. ಮೇಲೆ ತಂದೆಯ ಕೈಬರಹದಲ್ಲಿ ‘ಗಾಡಿಯ ಉತಾರ’ ಎಂದಿತ್ತು, ಒಳಗೆ ಸ್ಕೂಟರಿನ ಆರ್‌ಸಿ ಪುಸ್ತಕ. ಜೀವನವಿಡೀ ಜಮೀನಿನ ಕಾಗದಗಳ ನಡುವೆ ಬದುಕಿದ ಮನುಷ್ಯನಿಗೆ ಒಡೆತನ ಹೇಳುವ ಯಾವ ಕಾಗದವೂ ಉತಾರವೇ. ಇದೇ ಮನುಷ್ಯ ಇಳಿಜಾರಿಗೂ ಉತಾರ ಎನ್ನುತ್ತಿದ್ದರು, ‘ಉತಾರ ಬಂತು, ಇನ್ನು ಪೆಟ್ರೋಲು ಉಳಿಯಿತು’ ಎಂದು ಎಂಜಿನ್ ಬಂದ್ ಮಾಡಿ ಸ್ಕೂಟರನ್ನು ಹರಿಯಬಿಡುತ್ತಿದ್ದರು. ಎರಡೂ ಮರಾಠಿಯ ದಾರಿಯಿಂದ ಬಂದವು: ಒಂದು ನೆಲ ಇಳಿಯುವುದು, ಇನ್ನೊಂದು ಮೂಲ ದಾಖಲೆಯಿಂದ ಬರಹ ಇಳಿಸಿಕೊಳ್ಳುವುದು.

ಆರ್‌ಸಿ ನಮ್ಮಲ್ಲಿ ಉಳಿದಿದೆ ಎಂದರೆ ಹೆಸರಿನ ವರ್ಗಾವಣೆ ಆಗಿಲ್ಲ, ಕಾಗದದ ಮಟ್ಟಿಗೆ ಗಾಡಿ ಇನ್ನೂ ತಂದೆಯದೇ. ಲಕ್ಷ್ಮೇಶ್ವರದಲ್ಲಿ ನಾಲ್ಕು ಸಲ ವಿಚಾರಿಸಿದ ಮೇಲೆ, ಒಂದು ಮನೆಯ ಹಿತ್ತಲಿನಲ್ಲಿ ಕಣಿಕೆಯ ಬಣವೆಯ ಪಕ್ಕ ತಗಡಿನ ಕೆಳಗೆ ಅದು ನಿಂತಿತ್ತು. ಆ ಮನೆಯವರು ತೂಕದ ಬೆಲೆಗೇ ಕೊಟ್ಟರು. ಚಾಸಿಸ್ ನಂಬರು ಪುಸ್ತಕದೊಂದಿಗೆ ಹೊಂದಿತು. ಈ ಲಕ್ಷ್ಮೇಶ್ವರವೇ ಹಳೆಯ ಪುಲಿಗೆರೆ. ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡೇ ಕನ್ನಡದ ತಿರುಳು ಎಂದು ಕವಿರಾಜಮಾರ್ಗ ಹೇಳುವ ಊರುಗಳಲ್ಲಿ ಒಂದು. ತಿರುಳ್ಗನ್ನಡದ ನೆಲದಿಂದ ಸ್ಕೂಟರನ್ನು ಟೆಂಪೋದಲ್ಲಿ ಹೇರಿಕೊಂಡು ಬರುವಾಗ, ಇದಕ್ಕೆ ಈಗ ಮಾಡಿಸಬೇಕಾದ ಕೆಲಸಕ್ಕೆ ಕನ್ನಡದಲ್ಲಿ ಏನೆನ್ನಬೇಕು ಎಂಬ ಚಿಂತೆ ಹತ್ತಿತು. ನನ್ನ ಮಗಳು ‘ರಿಸ್ಟೋರ್’ ಎಂದು ಒಂದೇ ಮಾತಿನಲ್ಲಿ ಮುಗಿಸಿದಳು. ನನಗೆ ಮುಗಿಯಲಿಲ್ಲ.

ರಿಪೇರಿ ಎಂದರೆ ಓಡುವಂತೆ ಮಾಡುವುದು, ಅಷ್ಟೇ. ದುರಸ್ತಿ ಎಂದರೆ ನಮ್ಮ ಮನೆಯಲ್ಲಿ ಪೋಡಿ ದುರಸ್ತಿಯೇ ನೆನಪಾಗುತ್ತದೆ, ಹಿಸ್ಸೆಗಳಾದ ಜಮೀನಿಗೆ ನಕ್ಷೆ ಸರಿಪಡಿಸುವುದು. ನವೀಕರಣವಂತೂ ನನ್ನ ಉದ್ದೇಶಕ್ಕೆ ತೀರ ಎದುರು. ನನಗೆ ಹೊಸದು ಬೇಡ, ಹಳೆಯದೇ ಬೇಕು. ಪುನಶ್ಚೇತನದೊಳಗೆ ಚೇತಕ್ ಅರ್ಧ ಅಡಗಿದ್ದರೂ, ಅದು ನಷ್ಟದಲ್ಲಿರುವ ಸಕ್ಕರೆ ಕಾರ್ಖಾನೆಗೆ ಹೇಳುವ ಮಾತು. ಜೀರ್ಣೋದ್ಧಾರ ಒಂದು ಗಳಿಗೆ ಮನಸ್ಸನ್ನು ಹಿಡಿಯಿತು. ನಮ್ಮ ಸೀಮೆಯ ಹಳೆಯ ದಾನಶಾಸನಗಳಲ್ಲಿ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ಬಿಟ್ಟ ಮಾತು ಮತ್ತೆ ಮತ್ತೆ ಬರುತ್ತದೆ. ಖಂಡವಾದದ್ದು, ಅಂದರೆ ಮುರಿದದ್ದು. ಸ್ಫುಟಿತವಾದದ್ದು, ಅಂದರೆ ಬಿರುಕು ಬಿಟ್ಟದ್ದು. ಜೀರ್ಣವಾದದ್ದು, ಅಂದರೆ ಸವೆದದ್ದು. ನಮ್ಮ ಸ್ಕೂಟರಿನ ಮುಂಗವಚ, ಸೀಟು, ಪಿಸ್ಟನ್ನುಗಳನ್ನು ನೋಡಿಯೇ ಬರೆದಂತಿದೆ. ಆದರೆ ದೇವರಿಲ್ಲದ ವಸ್ತುವಿಗೆ ಈ ಮಾತು ಹಚ್ಚಿದರೆ ಕೇಳುವವರು ನಗುತ್ತಾರೆ, ಗುಡಿಗೆ ಚಂದಾ ಪಟ್ಟಿ ಎತ್ತಲು ಬಂದಿದ್ದೇನೆಂದು ತಿಳಿದು ದೂರ ಸರಿಯಲೂಬಹುದು.

ಕಡೆಗೆ ಮಾತು ಕೊಟ್ಟವರು ಹಳೇ ಹುಬ್ಬಳ್ಳಿಯ ಒಬ್ಬ ಮೆಕ್ಯಾನಿಕ್. ವಯಸ್ಸಾದವರು. ಗಾಡಿಯನ್ನು ಸುತ್ತು ಹಾಕಿ ನೋಡಿ, ‘ರಿಪೇರಿ ಮಾಡಬೇಕೋ, ಹಸನು ಮಾಡಬೇಕೋ?’ ಎಂದು ಕೇಳಿದರು. ಎರಡಕ್ಕೂ ಏನು ವ್ಯತ್ಯಾಸ ಎಂದೆ. ‘ರಿಪೇರಿಯಾದರೆ ವಾರ ಸಾಕು. ಹಸನು ಮಾಡುವುದಾದರೆ ಹೇಳಲಾರೆ’ ಎಂದರು.

ಹಸನು ನನಗೆ ಅಡುಗೆಮನೆಯ, ಹೊಲದ ಮಾತು. ಅವ್ವ ಮೊರದಲ್ಲಿ ಜೋಳ ಹರವಿಕೊಂಡು ಹಸನು ಮಾಡುತ್ತಿದ್ದಳು. ಹೊಲದ ಕಸ, ಕಲ್ಲು, ಬೇರು ತೆಗೆದು ಹಸನು ಮಾಡುತ್ತಿದ್ದರು. ಬಾಳು ಹಸನಾಗಲಿ ಎಂದು ಹರಸುತ್ತಿದ್ದರು. ಯಂತ್ರಕ್ಕೆ ಈ ಮಾತನ್ನು ಬಳಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆದರೆ ಅವರ ಕೆಲಸವನ್ನು ನೋಡುತ್ತ ಕುಳಿತಾಗ ಅದು ಸಡಿಲ ಬಳಕೆಯಲ್ಲ ಎಂದು ತಿಳಿಯಿತು. ಸೈಲೆನ್ಸರನ್ನು ಬೆಂಕಿಗಿಟ್ಟು ಒಳಗಿನ ಕಾರ್ಬನ್ನನ್ನು ಸುಟ್ಟು ಉದುರಿಸಿದರು. ಸಿಲಿಂಡರನ್ನು ಬೋರಿಂಗಿಗೆ ಕಳುಹಿಸಿ ಒಂದಳತೆ ದೊಡ್ಡ ಪಿಸ್ಟನ್ ಕೂಡಿಸಿದರು, ಇದು ಅನಿವಾರ್ಯ. ಅದರಾಚೆ ಅವರು ಮಾಡಿದ್ದೆಲ್ಲ ತೆಗೆಯುವ ಕೆಲಸವೇ. ಲಕ್ಷ್ಮೇಶ್ವರದಲ್ಲಿ ಹಚ್ಚಿದ್ದ ಸಂಗೀತದ ಹಾರ್ನು, ಮಿಂಚುವ ಗಾರ್ಡು, ಸ್ಟಿಕ್ಕರುಗಳು, ಬಣ್ಣದ ಮೇಲೆ ಬಳಿದ ಮೂರು ಬಣ್ಣ ಎಲ್ಲ ಹೋದವು. ಪ್ರತಿಯೊಂದನ್ನೂ ಬೆರಳಿನಿಂದ ತಟ್ಟಿ, ‘ಇದು ಕಂಪನಿ’, ‘ಇದು ಕಂಪನಿ ಅಲ್ಲ’ ಎಂದು ಬೇರ್ಪಡಿಸುತ್ತಿದ್ದರು. ಗ್ಯಾರೇಜಿನ ಕನ್ನಡದಲ್ಲಿ ಕಂಪನಿ ಎಂಬುದು ಗುಣವಾಚಕ, ಅರ್ಥ: ಅಸಲು. ಅವ್ವ ಕಲ್ಲನ್ನೂ ಕಾಳನ್ನೂ ಬೇರೆ ಮಾಡುತ್ತಿದ್ದ ರೀತಿಯೇ ಅದು. ಜೀರ್ಣೋದ್ಧಾರದಲ್ಲಿ ಕಳೆದದ್ದನ್ನು ಕೂಡಿಸುತ್ತಾರೆ. ಹಸನು ಮಾಡುವಾಗ ಸೇರಿಕೊಂಡದ್ದನ್ನು ಕಳೆಯುತ್ತಾರೆ.

ಹಾಗೆ ಕಳೆಯುತ್ತ ಬಂದು ಮುಂಗವಚದ ಒಳಬದಿಯಲ್ಲಿ ಅವರ ಕೈ ನಿಂತಿತು. ಅಲ್ಲಿ ಎರಡು ತೂತು ಕೊರೆದು ಕಬ್ಬಿಣದ ಕೊಕ್ಕೆ ಬಡಿದಿತ್ತು. ತಂದೆ ಅಳತೆಯ ಸರಪಳಿಯ ಚೀಲವನ್ನು ನೇತುಹಾಕುತ್ತಿದ್ದ ಕೊಕ್ಕೆ. ಚಿಕ್ಕವನಿದ್ದಾಗ ಮುಂದೆ ನಿಂತು ಹೋಗುವಾಗಲೆಲ್ಲ ಅದು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ‘ಇದು ಕಂಪನಿ ಅಲ್ಲ. ತೆಗೆದು ತೂತು ಮುಚ್ಚುತ್ತೇನೆ’ ಎಂದರು. ಬೇಡ ಎಂದೆ. ‘ಹಾಗಾದರೆ ಪೂರಾ ಹಸನಾಗುವುದಿಲ್ಲ’ ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದವನಿಗೆ ಹೇಳುವಂತೆ ಹೇಳಿದರು. ಕೊಕ್ಕೆ ಉಳಿಯಿತು. ಗಾಡಿ ಈಗ ಅಂಗಳದಲ್ಲಿದೆ, ಓರೆ ಮಾಡಿ ನಾಲ್ಕು ಕಿಕ್ ಹೊಡೆದರೆ ಎದ್ದೇಳುತ್ತದೆ.

50 ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ಬೇರೆಯಾಗಿ ನೋಂದಾಯಿಸಲು 2021ರ ನಿಯಮದಲ್ಲಿ ಅವಕಾಶವಿದೆ, ನಂಬರಿನಲ್ಲಿ ವಿಎ ಎಂಬ ಅಕ್ಷರಗಳು ಬರುತ್ತವೆ, ದಿನನಿತ್ಯ ಓಡಿಸುವಂತಿಲ್ಲ. ಅದನ್ನು ಮಾಡಿಸುವ ಮನಸ್ಸು ನನಗಿನ್ನೂ ಆಗಿಲ್ಲ. ಪರಿಚಯದವರೊಬ್ಬರು ಇದನ್ನು ‘ಪುರಾತನ ವಾಹನ’ ಎಂದು ಕನ್ನಡಿಸಿದರು. ಪುರಾತನರು ಎಂದರೆ ನಮಗೆ ಅರವತ್ತುಮೂವರು ಶಿವಭಕ್ತರು. ಚೇತಕ್ ಅಷ್ಟು ದೊಡ್ಡ ಪಂಕ್ತಿಗೆ ಹೋಗುವುದು ಬೇಡ.

ಇನ್ನು ಪ್ರಶ್ನೆ. ನಿಮ್ಮ ಊರುಗಳಲ್ಲಿ ಕಾಳು, ಹೊಲ, ಬಾಳುಗಳನ್ನು ಬಿಟ್ಟು ಬೇರೆ ಯಾವುದಕ್ಕಾದರೂ ಹಸನು ಮಾಡುವುದು ಎನ್ನುತ್ತಾರೆಯೇ? ಚಕ್ಕಡಿಗೆ, ಮಗ್ಗಕ್ಕೆ, ಬಾವಿಗೆ? ಅರಬ್ಬಿಯಲ್ಲಿ ಹಸನ್ ಎಂದರೆ ಒಳ್ಳೆಯದು, ಚೆಲುವಾದದ್ದು. ನಮ್ಮ ಹಸನು ಅಲ್ಲಿಯದೇ ಆಗಿದ್ದರೆ, ಚೆಲುವಿನಿಂದ ಕಲ್ಲು ಆರಿಸುವಲ್ಲಿಗೆ ಅರ್ಥ ಯಾವ ಮೆಟ್ಟಿಲುಗಳನ್ನು ಇಳಿದು ಬಂದಿತು? ಹಾಗೆಯೇ, ನೆಲವಲ್ಲದ ವಸ್ತುವಿನ ಕಾಗದಕ್ಕೆ ಉತಾರ ಎಂದದ್ದನ್ನು ಯಾರಾದರೂ ಕೇಳಿದ್ದೀರಾ, ಅಥವಾ ಅದು ನಮ್ಮ ತಂದೆಯೊಬ್ಬರದೇ ಮಾತೋ? ಕೇಳಿದ ಊರಿನ ಹೆಸರನ್ನೂ ಸೇರಿಸಿ ಬರೆದರೆ ಉಪಕಾರವಾಗುತ್ತದೆ.