ಆಂಕಲ್ ಬ್ಲಾಕ್ ಕೊಟ್ಟರೂ ಹಿಮ್ಮಡಿ ಮಾತ್ರ ಮರಗಟ್ಟುವುದಿಲ್ಲ, ಯಾಕೆ?

ಕುಮಟಾ ಅರಿವಳಿಕೆ:
ನಮ್ಮದು ಸಣ್ಣ ಆಸ್ಪತ್ರೆ. ಸಕ್ಕರೆ ಕಾಯಿಲೆಗೆ ಕಾಲು ಹುಣ್ಣಾಗಿ ಬರುವ ಮೀನುಗಾರರೇ ಜಾಸ್ತಿ. ಹೃದಯ ವೀಕು, ಮೇಲಿಂದ ರಕ್ತ ತೆಳುವಾಗುವ ಮಾತ್ರೆ. ಬೆನ್ನಿಗೆ ಚುಚ್ಚುವ ಸ್ಪೈನಲ್ ಅರಿವಳಿಕೆ ಕೊಡಲು ಧೈರ್ಯ ಬರುವುದಿಲ್ಲ. ಮಂಗಳೂರಿಗೆ ಹೋಗಿ ಎಂದರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹಾಗಾಗಿ ಅಲ್ಟ್ರಾಸೌಂಡ್ ಹಿಡಿದು ಆಂಕಲ್ ಬ್ಲಾಕ್: ಕಣಕಾಲಿನ ಹತ್ತಿರ ನರಗಳ ಸುತ್ತ ಔಷಧ ಹಾಕಿ ಪಾದವನ್ನಷ್ಟೇ ಮರಗಟ್ಟಿಸುವುದು. ಬೆರಳಿನ ಕೇಸು ಸಲೀಸು. ಹಿಮ್ಮಡಿ ಹುಣ್ಣು ಕೆರೆಯುವಾಗ ಮಾತ್ರ "ಡಾಕ್ಟ್ರೇ, ಉರೀತದೆ" ಅಂತಾರೆ. ಹಿಮ್ಮಡಿ, ಅಂಗಾಲಿಗೆ ಹೋಗುವ ಟಿಬಿಯಲ್ ನರದ ಸುತ್ತ ಔಷಧ ಹರಡಿದ್ದು ಸ್ಕ್ರೀನಿನಲ್ಲಿ ಚೆನ್ನಾಗಿಯೇ ಕಾಣುತ್ತದೆ.

ಘಟ್ಟದ ಮೇಲಿನವ, ಶಿರಸಿ:
ಪ್ರೋಬನ್ನು (ಅಲ್ಟ್ರಾಸೌಂಡಿನ ಹಿಡಿಕೆ) ಕಣಕಾಲಿನ ಒಳಗಂಟಿನ ಹಿಂದೆಯೇ ಇಡುತ್ತೀರಿ, ಅಲ್ವಾ? ಹಿಮ್ಮಡಿಗೆ ಹೋಗುವ ಕ್ಯಾಲ್ಕೇನಿಯಲ್ ಕವಲು ಎಷ್ಟೋ ಜನರಲ್ಲಿ ಅದಕ್ಕಿಂತ ಮೇಲೆಯೇ ಬೇರೆಯಾಗಿರುತ್ತದೆ. ಕೆಳಗೆ ಹಾಕಿದ ಔಷಧ ಅದಕ್ಕೆ ತಲುಪುವುದಿಲ್ಲ. ನಾನು ನಾಲ್ಕೈದು ಬೆರಳಷ್ಟು ಮೇಲೆ ಹೋಗಿ ಹಾಕುತ್ತೇನೆ.

ಮೇಲೆ ಹೋದರೆ ಇನ್ನೊಂದು ಲಾಭ. ಗಂಟಿನ ಹತ್ತಿರ ಕಾಲಿನ ಹೆಬ್ಬೆರಳಿನ ಟೆಂಡನ್ನೂ (ಸ್ನಾಯುರಜ್ಜು) ನರದ ಹಾಗೇ ಬೆಳ್ಳಗೆ, ಚುಕ್ಕೆ ಚುಕ್ಕೆಯಾಗಿ ಕಾಣುತ್ತದೆ. ಮೇಲೆ ಜರುಗಿಸುತ್ತಾ ಹೋಗಿ: ಟೆಂಡನ್ ಮಾಂಸಖಂಡದೊಳಗೆ ಸೇರಿಬಿಡುತ್ತದೆ, ನರ ಅಪಧಮನಿಯ ಪಕ್ಕ ಹಾಗೇ ಉಳಿಯುತ್ತದೆ. ಆಗಲೂ ಅನುಮಾನವೇ? ಸಿಸ್ಟರ್ ಹತ್ತಿರ ರೋಗಿಯ ಹೆಬ್ಬೆರಳು ಆಡಿಸಲು ಹೇಳಿ. ಜಾರಾಡಿದ್ದು ಟೆಂಡನ್.

ಹಿಮ್ಮಡಿಯ ಹೊರಬದಿ ಸೂರಲ್ ನರದ್ದು, ಅದನ್ನೂ ಬಿಡಬೇಡಿ. ಸಣ್ಣ ಸಫೀನಸ್ ರಕ್ತನಾಳದ ಪಕ್ಕದಲ್ಲೇ ಇರುತ್ತದೆ. ಕಾಲಿಗೆ ಸ್ವಲ್ಪ ಹೊತ್ತು ರಬ್ಬರ್ ಪಟ್ಟಿ ಕಟ್ಟಿದರೆ ನಾಳ ಉಬ್ಬುತ್ತದೆ. ಪ್ರೋಬ್ ಒತ್ತಿದಿರೋ, ಮಾಯ.

ಟಿಬಿಯಲ್ ದಪ್ಪ ನರ, ಮರಗಟ್ಟಲು ಇಪ್ಪತ್ತು ನಿಮಿಷಕ್ಕೂ ಮೇಲೆ ಬೇಕಾಗುತ್ತದೆ. ಸರ್ಜನ್ ಗಡಿಯಾರ ನೋಡುತ್ತಿದ್ದರೆ ಚಾ ಕುಡಿಯಲು ಕಳಿಸಿ. ನಮ್ಮಲ್ಲಿ ಅದೇ ರೂಢಿ.

ಕಾರವಾರದಾಕೆ:
ಮೇಲಿನದೆಲ್ಲ ಸರಿ. ಡೋಸ್ ಲೆಕ್ಕ ಮರೆಯಬೇಡಿ. ಮರಗಟ್ಟಿಸುವ ಔಷಧ ಬುಪಿವಕೇನ್ 0.5% ಅಂದರೆ ಮಿಲಿಗೆ 5 ಮಿಗ್ರಾಂ. ಕಿಲೋಗೆ 2 ಮಿಗ್ರಾಂ ಮಿತಿ ಹಿಡಿದರೆ 50 ಕಿಲೋದವರಿಗೆ 20 ಮಿಲಿಗೇ ಮುಗಿಯಿತು. ಐದೂ ನರಗಳಿಗೆ ಮೂರ್ನಾಲ್ಕು ಮಿಲಿಯಂತೆ ಹಂಚಿದರೆ ಹೆಚ್ಚೇನೂ ಉಳಿಯುವುದಿಲ್ಲ. ಆಮೇಲೆ ಸರ್ಜನ್ ಸುಮ್ನೆ ಇರಲಿ ಅಂತ ಗಾಯಕ್ಕೆ ಲೋಕಲ್ ಚುಚ್ಚುತ್ತಾರೆ. ಅದೂ ಇದೇ ಲೆಕ್ಕಕ್ಕೆ ಸೇರುತ್ತದೆ, ಮೊದಲೇ ಹೇಳಿಡಿ. ಔಷಧ ಮೈಗೇರಿ ವಿಷವಾದರೆ ಕೊಡುವ 20% ಲಿಪಿಡ್ ಬಾಟಲಿ ಓಟಿಯೊಳಗೇ ಇರಲಿ, ಬೀಗ ಹಾಕಿದ ಸ್ಟೋರಿನಲ್ಲಿ ಬೇಡ.

ಅಲ್ಟ್ರಾಸೌಂಡ್ ಯಂತ್ರ ಹೊಸದಾಗಿದ್ದರೆ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ ಕಾಯ್ದೆ) ನೋಂದಣಿ ಆಗಿದೆಯಾ ನೋಡಿಕೊಳ್ಳಿ. ನರ ನೋಡಲಿಕ್ಕೆ ಮಾತ್ರ ಎಂದರೂ ಬಿಡುವುದಿಲ್ಲ.