ಬೂಟ್‌ಲೋಡರ್ ಅನ್‌ಲಾಕ್ ಮಾಡಿ ರೂಟ್ ಮಾಡಿದರೆ ಯುಪಿಐ ನಡೆಯುತ್ತಾ? ಮತ್ತೆ ಲಾಕ್ ಮಾಡಬಹುದಾ?

ಪ್ರಶ್ನೆ
ಸ್ನ್ಯಾಪ್‌ಡ್ರ್ಯಾಗನ್ ಚಿಪ್‌ನ ಫೋನ್, ಆಂಡ್ರಾಯ್ಡ್ 13. ಕಂಪನಿ ತುಂಬಿಸಿಟ್ಟ ಹದಿನೈದು ಆ್ಯಪ್‌ಗಳಿಗೆ ಅನ್‌ಇನ್‌ಸ್ಟಾಲ್ ಬಟನ್ನೇ ಇಲ್ಲ. ಬೂಟ್‌ಲೋಡರ್ (ಫೋನ್ ಆನ್ ಆಗುವಾಗ ಸಿಸ್ಟಮ್ ಎಬ್ಬಿಸುವ ಪ್ರೋಗ್ರಾಂ) ಲಾಕ್ ತೆಗೆದು, ಮ್ಯಾಜಿಸ್ಕ್ ಎಂಬ ಟೂಲ್ ಹಾಕಿ ರೂಟ್ ಮಾಡೋಣ (ಸಿಸ್ಟಮ್‌ನ ಪೂರ್ತಿ ಹಿಡಿತ ಪಡೆಯೋಣ) ಅಂತಿದೀನಿ. ಬ್ಯಾಂಕ್ ಆ್ಯಪ್, ಯುಪಿಐ ಎರಡೂ ಬೇಕೇ ಬೇಕು. ಸರಿಬರದಿದ್ದರೆ ಮತ್ತೆ ಲಾಕ್ ಮಾಡಿದರೆ ಎಲ್ಲ ಮೊದಲಿನಂತಾಗುತ್ತಾ?

ಉತ್ತರ 1
ಬೇಡದ ಆ್ಯಪ್ ತೆಗೆಯುವುದಷ್ಟೇ ಉದ್ದೇಶವಾದರೆ ರೂಟ್ ಬೇಕಾಗಿಯೇ ಇಲ್ಲ. ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿ ಡೆವಲಪರ್ ಆಪ್ಷನ್ಸ್ ತೆರೆಯಿರಿ, ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಿ, ಲ್ಯಾಪ್‌ಟಾಪ್‌ನಲ್ಲಿ ಗೂಗಲ್‌ನ ಪ್ಲಾಟ್‌ಫಾರ್ಮ್ ಟೂಲ್ಸ್ ಇಳಿಸಿಕೊಳ್ಳಿ. ಅದರಲ್ಲಿರುವ ಎಡಿಬಿ (ಲ್ಯಾಪ್‌ಟಾಪ್‌ನಿಂದ ಫೋನಿಗೆ ಆಜ್ಞೆ ಕೊಡುವ ಟೂಲ್) ಶೆಲ್‌ನಲ್ಲಿ ಪಿಎಂ ಅನ್‌ಇನ್‌ಸ್ಟಾಲ್ ಆಜ್ಞೆಗೆ ಯೂಸರ್ 0 ಮತ್ತು ಪ್ಯಾಕೇಜ್ ಹೆಸರು ಕೊಟ್ಟರೆ ಆಯಿತು. ಆ್ಯಪ್‌ನ ಫೈಲು ಫೋನಿನ ಸಿಸ್ಟಮ್ ಪಾರ್ಟಿಷನ್‌ನಲ್ಲೇ ಉಳಿಯುತ್ತದೆ, ನಿಮ್ಮ ಖಾತೆಯಿಂದ ಮಾತ್ರ ಹೋಗುತ್ತದೆ. ಹಾಗಾಗಿ ಜಾಗ ಹೆಚ್ಚು ಸಿಗುವುದಿಲ್ಲ, ಆದರೆ ಫ್ಯಾಕ್ಟರಿ ರೀಸೆಟ್ ಮಾಡಿದರೆ ವಾಪಸ್ ಬರುತ್ತದೆ. ರೀಸೆಟ್ ಇಲ್ಲದೆಯೂ 'ಇನ್‌ಸ್ಟಾಲ್-ಎಕ್ಸಿಸ್ಟಿಂಗ್' ಆಜ್ಞೆಯಿಂದ ತರಿಸಿಕೊಳ್ಳಬಹುದು. ಒಂದೊಂದಾಗಿ ತೆಗೆದು, ರೀಸ್ಟಾರ್ಟ್ ಮಾಡಿ ನೋಡಿ. ಕೆಲವು ಶಾವೊಮಿ ಫೋನ್‌ಗಳಲ್ಲಿ ಫೈಂಡ್ ಡಿವೈಸ್ ಪ್ಯಾಕೇಜ್ ತೆಗೆದರೆ ಫೋನ್ ಬೂಟ್‌ಲೂಪ್‌ಗೆ ಬೀಳುತ್ತದೆ (ಪೂರ್ತಿ ಏಳದೆ ಪದೇಪದೇ ರೀಸ್ಟಾರ್ಟ್ ಆಗುತ್ತದೆ).

ಉತ್ತರ 2
ಮತ್ತೆ ಲಾಕ್ ಮಾಡುವ ವಿಷಯಕ್ಕೆ ಬರುತ್ತೇನೆ, ಜನ ಫೋನ್ ಕಳೆದುಕೊಳ್ಳುವುದು ಹೆಚ್ಚಾಗಿ ಅಲ್ಲೇ. ಅನ್‌ಲಾಕ್ ಮಾಡುವಾಗಲೂ ಲಾಕ್ ಮಾಡುವಾಗಲೂ ಡೇಟಾ ಪೂರ್ತಿ ಅಳಿಸುತ್ತದೆ, ಅದು ಬ್ಯಾಕಪ್‌ನಿಂದ ತೀರುವ ಮಾತು. ಆದರೆ ಮ್ಯಾಜಿಸ್ಕ್ ಮಾರ್ಪಡಿಸಿದ ಬೂಟ್ ಇಮೇಜ್ (ಫೋನ್ ಎಬ್ಬಿಸುವ ಫೈಲ್) ಒಳಗಿರುವಾಗಲೇ ಲಾಕ್ ಮಾಡಿದರೆ, ವೆರಿಫೈಡ್ ಬೂಟ್ ಎಂಬ ತಪಾಸಣೆಯಲ್ಲಿ ಕಂಪನಿಯ ಸಹಿ ಹೊಂದಲಿಲ್ಲವೆಂದು ಫೋನ್ ಏಳುವುದೇ ಇಲ್ಲ. ಲಾಕ್ ಆಗಿರುವುದರಿಂದ ಫಾಸ್ಟ್‌ಬೂಟ್ (ಬೂಟ್‌ಲೋಡರ್‌ನ ಆಜ್ಞಾ ಮೋಡ್) ಹೊಸ ಇಮೇಜ್ ಫ್ಲ್ಯಾಶ್ ಮಾಡಲೂ, ಅಂದರೆ ಬರೆಯಲೂ ಬಿಡುವುದಿಲ್ಲ. ಆಮೇಲೆ ಉಳಿಯುವುದು ಸ್ನ್ಯಾಪ್‌ಡ್ರ್ಯಾಗನ್ ಚಿಪ್ ಮಾಡುವ ಕ್ವಾಲ್‌ಕಾಮ್‌ನ ಇಡಿಎಲ್ ಎಂಬ ತುರ್ತು ಮೋಡ್. ಅದಕ್ಕೂ ಹಲವು ಕಂಪನಿಗಳ ಫೋನ್‌ನಲ್ಲಿ ಅವರದೇ ಅನುಮತಿ ಬೇಕು.

ಲಾಕ್ ಮಾಡಲೇಬೇಕೆಂದರೆ ಅದೇ ಮಾಡೆಲ್‌ನ, ಅದೇ ಪ್ರದೇಶದ ಪೂರ್ತಿ ಸ್ಟಾಕ್ ಫರ್ಮ್‌ವೇರ್ (ಕಂಪನಿಯದೇ ಮೂಲ ಸಾಫ್ಟ್‌ವೇರ್) ಹಾಕಿ (ಸಹಿ ತಪಾಸಣೆಯ ಮಾಹಿತಿ ಇರುವ ವಿಬಿಮೆಟಾ ಸೇರಿ), ಒಮ್ಮೆ ಬೂಟ್ ಆಗಿದ್ದು ಖಚಿತಪಡಿಸಿಕೊಂಡೇ ಲಾಕ್ ಮಾಡಿ. ಹಳೆಯ ಆವೃತ್ತಿಗೆ ಇಳಿಯಲೂ ಹೋಗಬೇಡಿ. ಪಿಕ್ಸೆಲ್ 6ಕ್ಕೆ 2022ರ ಆಗಸ್ಟ್‌ನಲ್ಲಿ ಬಂದ ಆಂಡ್ರಾಯ್ಡ್ 13ರ ಬೂಟ್‌ಲೋಡರ್ ಹಳೆಯದಕ್ಕೆ ಇಳಿಯುವುದನ್ನು ತಡೆಯುವ ರೋಲ್‌ಬ್ಯಾಕ್ ಎಣಿಕೆಯನ್ನು ಏರಿಸಿತು, ಆಮೇಲೆ 12ರ ಬೂಟ್‌ಲೋಡರ್ ಅದರಲ್ಲಿ ನಡೆಯದು. ಸ್ಯಾಮ್‌ಸಂಗ್‌ನಲ್ಲಿ ಮಾರ್ಪಡಿಸಿದ ಇಮೇಜ್ ಹಾಕಿದರೆ ಅದರ ಭದ್ರತಾ ವ್ಯವಸ್ಥೆಯಾದ ನಾಕ್ಸ್‌ನ ಇ-ಫ್ಯೂಸ್ (ಚಿಪ್‌ನೊಳಗಿನ ಒಮ್ಮೆ ಮಾತ್ರ ಬದಲಾಗುವ ಗುರುತು) 0x1ಕ್ಕೆ ತಿರುಗುತ್ತದೆ. ಅದು ಸುಟ್ಟ ಫ್ಯೂಸ್, ಸಾಫ್ಟ್‌ವೇರ್‌ನಿಂದ ಹಿಂದಕ್ಕೆ ಬಾರದು. ಖಾಸಗಿ ಫೈಲ್ ಇಡುವ ಸೆಕ್ಯೂರ್ ಫೋಲ್ಡರ್‌ ಕೂಡ ಅಲ್ಲಿಗೆ ಮುಗಿಯಿತು.

ಉತ್ತರ 3
ಯುಪಿಐ ಬಗ್ಗೆ. ಫೋನ್ ನಂಬಿಕಸ್ಥವೇ ಎಂದು ಅನೇಕ ಬ್ಯಾಂಕ್ ಆ್ಯಪ್‌ಗಳು ಗೂಗಲ್‌ನ ಪ್ಲೇ ಇಂಟೆಗ್ರಿಟಿ ತಪಾಸಣೆಯನ್ನು ಕೇಳುತ್ತವೆ. ಬೂಟ್‌ಲೋಡರ್ ತೆರೆದಿದೆಯೆಂಬ ಸಂಗತಿಗೆ ಸಹಿ ಹಾಕುವುದು ಫೋನಿನ ಸುರಕ್ಷಿತ ಹಾರ್ಡ್‌ವೇರ್‌ನಲ್ಲಿರುವ ಕೀ. ಆಂಡ್ರಾಯ್ಡ್ 13 ಮತ್ತು ಅದಕ್ಕಿಂತ ಹೊಸದರಲ್ಲಿ 2025ರ ಮೇ ತಿಂಗಳಿಂದ ಆ ತಪಾಸಣೆಯ 'ಡಿವೈಸ್' ಮಟ್ಟ ದಾಟಲೂ ಆ ಹಾರ್ಡ್‌ವೇರ್ ಸಾಕ್ಷ್ಯ ಬೇಕು, ನಿಮ್ಮದು ಅದರೊಳಗೇ ಬರುತ್ತದೆ. ರೂಟ್ ಮರೆಮಾಡುವ ಮಾಡ್ಯೂಲ್‌ಗಳಲ್ಲಿ ಹಲವು ಸೋರಿಕೆಯಾದ ಕೀಬಾಕ್ಸ್ (ಬೇರೆ ಫೋನಿನ ಸಹಿ ಕೀಗಳ ಫೈಲ್) ನಂಬಿ ನಡೆಯುತ್ತವೆ. ಗೂಗಲ್ ಆ ಕೀ ರದ್ದುಮಾಡಿದ ದಿನವೇ ಪಾವತಿ ನಿಲ್ಲಬಹುದು. ಅಂಗಡಿ ಮುಂದೆ ನಿಂತಾಗ ಗೊತ್ತಾಗಬೇಕಾದ ವಿಷಯವಲ್ಲ ಇದು. ಹಣದ ವ್ಯವಹಾರ ಇರುವ ಒಂದೇ ಫೋನನ್ನು ದಯವಿಟ್ಟು ಮುಟ್ಟಬೇಡಿ. ಕೆಲವು ಫೋನ್‌ಗಳಲ್ಲಿ ವಿಡಿಯೊ ನಕಲು ತಡೆಯುವ ವೈಡ್‌ವೈನ್‌ನ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿದು ಎಚ್‌ಡಿ ವಿಡಿಯೊ ಸಹ ಹೋಗುತ್ತದೆ.

ಪ್ರಶ್ನೆ ಕೇಳಿದವರು
ಸರಿ, ರೂಟ್ ಬಿಟ್ಟೆ. ಎಡಿಬಿ ಹಾಕಿದೆ, ಆದರೆ 'ಅನ್‌ಆಥರೈಸ್ಡ್' ಅಂತಿದೆ.

ಉತ್ತರ 1
ಫೋನಿನ ಸ್ಕ್ರೀನ್ ಲಾಕ್ ತೆಗೆದು ನೋಡಿ, ಅನುಮತಿ ಕೇಳುವ ಕಿಟಕಿ ಅಲ್ಲಿ ಕಾಯುತ್ತಿರುತ್ತದೆ. ಇಲ್ಲದಿದ್ದರೆ ಡೆವಲಪರ್ ಆಪ್ಷನ್ಸ್‌ನಲ್ಲಿ 'ರಿವೋಕ್ ಯುಎಸ್‌ಬಿ ಡೀಬಗ್ಗಿಂಗ್ ಆಥರೈಸೇಷನ್ಸ್' ಒತ್ತಿ, ಕೇಬಲ್ ಕಿತ್ತು ಮತ್ತೆ ಚುಚ್ಚಿ. ಕೆಲಸ ಮುಗಿದ ಮೇಲೆ ಡೀಬಗ್ಗಿಂಗ್ ಆಫ್ ಮಾಡುವುದನ್ನು ಮರೆಯಬೇಡಿ, ಕೆಲವು ಬ್ಯಾಂಕ್ ಆ್ಯಪ್‌ಗಳು ಅದು ಆನ್ ಇದ್ದರೂ ತೆರೆಯುವುದಿಲ್ಲ.